ನೀರು ಬರಲಿಲ್ಲ, ಹೋಗಲಿಲ್ಲ ಅಷ್ಟೆ: ಒಂದು ಬಡಾವಣೆಯ ನೆರೆ ಅಂದಾಜಿನ ಪ್ರಕರಣ

ಈ ಪ್ರಕರಣದಲ್ಲಿ ಊರಿನ ಹೆಸರಿಲ್ಲ, ನದಿಯ ಹೆಸರಿಲ್ಲ, ಇಸವಿಯೂ ಇಲ್ಲ. ಹೇಳಿದರೆ ಅಲ್ಲಿ ಮನೆ ಕೊಂಡು ನೆಲೆಸಿದವರಿಗೆ ತೊಂದರೆ. ಹೇಳದಿದ್ದರೆ ಓದುವವರಿಗೆ ನಷ್ಟವೇನಿಲ್ಲ. ಅಳತೆಗಳನ್ನು ಹತ್ತಿರದ ಪೂರ್ಣಾಂಕಕ್ಕೆ ತಂದಿದ್ದೇನೆ. ಸ್ಥಳೀಯ ಯೋಜನಾ ಸಂಸ್ಥೆಯ ಪರವಾಗಿ ನೆರೆಯ ಅಂದಾಜು ಮಾಡಿದ ತಂಡಕ್ಕೆ ನಾನು ಮುಖ್ಯಸ್ಥನಾಗಿದ್ದೆ. ಹಾಗಾಗಿ ಮುಂದೆ ಕಾಣುವ ತಪ್ಪುಗಳಲ್ಲಿ ದೊಡ್ಡವು ಎರಡು ನನ್ನವೇ.

ಕೇಳಿದ ಪ್ರಶ್ನೆ

ಊರು ಬೆಳೆಯುತ್ತಿತ್ತು, ಬೆಳೆಯಲು ಜಾಗ ಇರಲಿಲ್ಲ. ಎರಡು ದಿಕ್ಕಿಗೆ ಗುಡ್ಡ, ಒಂದು ದಿಕ್ಕಿಗೆ ರೈಲು ಹಳಿ. ಉಳಿದದ್ದು ನದಿಯ ಕಡೆಯ ಬಯಲು. ನದಿಯ ಪಕ್ಕದಲ್ಲೇ ಎತ್ತರದ ಏರಿಯ ಮೇಲೆ ಹೆದ್ದಾರಿ ಹೋಗುತ್ತದೆ. ಗುಡ್ಡದಿಂದ ಇಳಿದು ಬರುವ ಹಳ್ಳವೊಂದು ಬಯಲನ್ನು ಸೀಳಿಕೊಂಡು ಬಂದು, ಆ ಏರಿಯ ಕೆಳಗಿನ ಎರಡು ಕಣ್ಣಿನ ಮೋರಿಯಲ್ಲಿ ನುಸುಳಿ, ಆಚೆ ನದಿಯನ್ನು ಸೇರುತ್ತದೆ. ಏರಿಯ ಈಚೆಗೆ, ಹಳ್ಳದ ಬಲದಂಡೆಯಲ್ಲಿ 22 ಹೆಕ್ಟೇರ್ ಖಾಲಿ ಜಾಗ. ಎಡದಂಡೆಯಲ್ಲಿ ತುಸು ಮೇಲಕ್ಕೆ ಹಳೆಯ ವಸತಿ. ಖಾಲಿ ಜಾಗದಲ್ಲಿ 400 ಮನೆಗಳ ಬಡಾವಣೆಗೆ ಅರ್ಜಿ ಬಂದಿತ್ತು.

ಅರ್ಜಿಯ ಜೊತೆ ಅಭಿವೃದ್ಧಿದಾರರ ಎಂಜಿನಿಯರುಗಳ ನೆರೆ ವರದಿಯೂ ಇತ್ತು. ಅದರ ವಾದ ಸರಳ: ನೂರು ವರ್ಷದ ನೆರೆ ಬಂದರೂ ನದಿಯ ಮಟ್ಟ ಏರಿಯ ನೆತ್ತಿಯನ್ನು ಮುಟ್ಟುವುದಿಲ್ಲ, ಆದ್ದರಿಂದ ಜಾಗ ಸುರಕ್ಷಿತ. ಇದನ್ನು ಪರಿಶೀಲಿಸಿ ಎಂದು ಯೋಜನಾ ಸಂಸ್ಥೆ ನಮ್ಮನ್ನು ಕೇಳಿತು. ಪತ್ರದಲ್ಲಿದ್ದ ಪ್ರಶ್ನೆ ಒಂದೇ ಸಾಲಿನದು: ‘ಸದರಿ ಜಾಗವು ನೆರೆ ವಲಯದ ಒಳಗೆ ಬರುತ್ತದೆಯೇ, ಇಲ್ಲವೇ?’ ಕೊಟ್ಟ ಅವಧಿ ಎಂಟು ವಾರ.

ಆ ಪ್ರಶ್ನೆಯನ್ನು ಹಾಗೆಯೇ ಒಪ್ಪಿಕೊಂಡಿದ್ದು ನನ್ನ ಮೊದಲ ತಪ್ಪು.

ಮೇಜಿನ ಮೇಲೆ ಮಾಡಿದ್ದು

ನದಿಯ ಮೇಲ್ಭಾಗದಲ್ಲಿ ಒಂದು ಮಾಪನ ಕೇಂದ್ರವಿತ್ತು. 31 ವರ್ಷಗಳ ದಾಖಲೆ ಸಿಕ್ಕಿತು. ಪ್ರತಿ ವರ್ಷದ ಗರಿಷ್ಠ ಹರಿವನ್ನು ಆರಿಸಿ, ಸಂಖ್ಯಾಶಾಸ್ತ್ರದ ರೇಖೆಯನ್ನು ಎಳೆದು, ಅದನ್ನು ನೂರು ವರ್ಷದವರೆಗೆ ಹಿಗ್ಗಿಸಿದೆವು. 31 ವರ್ಷ ಕಂಡವರು ನೂರು ವರ್ಷದ ಮಾತಾಡುವಾಗ ದನಿ ತಗ್ಗಿಸಬೇಕು. ಅಂದಾಜಿನ ಮೇಲಿನ ಮಿತಿಗೂ ಕೆಳಗಿನ ಮಿತಿಗೂ ಅಜಗಜಾಂತರವಿತ್ತು. ವರದಿಯಲ್ಲಿ ಎರಡನ್ನೂ ಬರೆದೆವು, ನಕ್ಷೆಯಲ್ಲಿ ಮಾತ್ರ ನಡುವಿನ ಒಂದು ಗೆರೆ ಎಳೆದೆವು. ನಕ್ಷೆಯನ್ನು ಎಲ್ಲರೂ ನೋಡುತ್ತಾರೆ, ಮಿತಿಗಳ ಕೋಷ್ಟಕವನ್ನು ಯಾರೂ ನೋಡುವುದಿಲ್ಲ ಎಂಬುದು ಗೊತ್ತಿದ್ದೂ.

ನೆಲಮಟ್ಟಕ್ಕೆ ಉಚಿತವಾಗಿ ಸಿಗುವ ಉಪಗ್ರಹದ ದತ್ತಾಂಶವನ್ನು ಬಳಸಿದೆವು. ಉಪಗ್ರಹ ಎನ್ನುವುದು ವಾಡಿಕೆ ಮಾತು. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಹಾರಾಡಿ ರೇಡಾರಿನಿಂದ ಅಳೆದದ್ದು ಅದು. ಜಗತ್ತಿನ ಬಹುಭಾಗಕ್ಕೆ ಒಮ್ಮೆಲೇ ಎತ್ತರದ ನಕ್ಷೆ ಕೊಟ್ಟ ಅದ್ಭುತ ಕೆಲಸ, ಅನುಮಾನವಿಲ್ಲ. ಆದರೆ ಅದರ ಒಂದೊಂದು ಚೌಕವೂ 30 ಮೀಟರ್ ಅಗಲ, ಎತ್ತರದಲ್ಲಿನ ದೋಷ ಮೀಟರುಗಳ ಲೆಕ್ಕದ್ದು. ದಟ್ಟ ಮರಗಳಿದ್ದಲ್ಲಿ ಅದು ನೆಲದ ಬದಲು ಎಲೆಗಳ ನೆತ್ತಿಯ ಹತ್ತಿರದ ಎತ್ತರವನ್ನೇ ನೆಲವೆಂದು ಹೇಳಿಬಿಡುತ್ತದೆ. 10 ಮೀಟರ್ ಅಗಲದ ಹೆದ್ದಾರಿ ಏರಿ ಅಂಥ ಚೌಕದಲ್ಲಿ ಅಕ್ಕಪಕ್ಕದ ತಗ್ಗಿನೊಡನೆ ಬೆರೆತು ಸವೆದು ಹೋಗುತ್ತದೆ. ಹಾಗಾಗಿ ನಮ್ಮ ಕಂಪ್ಯೂಟರಿನ ಬಯಲಿನಲ್ಲಿ ಏರಿ ಅರ್ಧಂಬರ್ಧ ಇತ್ತು, ಹಳ್ಳ ಇರಲಿಲ್ಲ, ಮೋರಿಯಂತೂ ಇರಲೇ ಇಲ್ಲ. ಏರಿಯ ಎತ್ತರವನ್ನು ಹೆದ್ದಾರಿಯ ಹಳೆಯ ಚಿತ್ರದಿಂದ ತೆಗೆದು ಕೈಯಾರೆ ತುಂಬಿದೆವು. ನಮಗೆ ಬಂದ ಉತ್ತರವೂ ಅಭಿವೃದ್ಧಿದಾರರದೇ: ಜಾಗದ ಬಹುಪಾಲು ಗೆರೆಯ ಹೊರಗೆ.

ಕರಡು ವರದಿ ಕಳುಹಿಸಿದ ಮೂರನೆಯ ವಾರಕ್ಕೆ ಆ ಗೆರೆ ನಮ್ಮ ಕೈಮೀರಿತ್ತು. ನಿವೇಶನಗಳ ಮಾತುಕತೆಯಲ್ಲಿ ‘ಗೆರೆಯ ಹೊರಗಿನದು’ ಎಂಬ ಮಾತು ಚಲಾವಣೆಗೆ ಬಂದಿತ್ತು. ಅಂದಾಜಿನ ಗೆರೆ ಜನರ ಬಾಯಲ್ಲಿ ಕೋಟೆಯ ಗೋಡೆಯಾಗುವುದಕ್ಕೆ ಎಷ್ಟು ದಿನ ಬೇಕು ಎಂದು ಯಾರಾದರೂ ಕೇಳಿದರೆ, ಹದಿನೆಂಟು ದಿನ ಎನ್ನುತ್ತೇನೆ.

ಇದು ನಮ್ಮೊಬ್ಬರ ರೋಗವಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರ 1974ರಲ್ಲಿ ಮುಳುಗಿತು. ಆಮೇಲೆ 1980ರ ದಶಕದಲ್ಲಿ ವೈವೆನ್‌ಹೋ ಅಣೆಕಟ್ಟು ಬಂತು, ಇನ್ನು ನೆರೆಯ ಕಾಟ ಮುಗಿಯಿತು ಎಂಬ ಭಾವನೆಯೂ ಬಂತು, ತಗ್ಗಿನಲ್ಲಿ ಮನೆಗಳೂ ಬಂದವು. 2011ರ ಜನವರಿಯಲ್ಲಿ ನೀರೂ ಬಂತು.

ಪಂಪ್‌ಹೌಸಿನ ಗೋಡೆ

ತಂಡದ ಅತಿ ಕಿರಿಯ ಸಹೋದ್ಯೋಗಿ ಒಮ್ಮೆಯಾದರೂ ಜಾಗ ನೋಡಿ ಬರೋಣವೆಂದು ಒತ್ತಾಯಿಸಿದಳು. ನನಗೆ ಮನಸ್ಸಿರಲಿಲ್ಲ, ಕೆಲಸ ಮುಗಿದಂತೆಯೇ ಇತ್ತು. ಹೋದೆವು. ಹಳ್ಳದ ದಂಡೆಯಲ್ಲಿ ಹಳೆಯ ಪಂಪ್‌ಹೌಸ್ ಒಂದಿತ್ತು. ಅದರ ಒಳಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಮೂರು ಅಡ್ಡಗೆರೆಗಳು, ಪಕ್ಕದಲ್ಲಿ ದಿನಾಂಕಗಳು. ಮೇಲಿನ ಗೆರೆ ನನ್ನ ಎದೆಯ ಮಟ್ಟಕ್ಕಿತ್ತು. ನಮ್ಮ ನಕ್ಷೆಯ ಪ್ರಕಾರ ನಾನು ನಿಂತಿದ್ದ ಜಾಗ ನೂರು ವರ್ಷದ ನೆರೆಯಲ್ಲೂ ಒಣಗಿರಬೇಕಾದದ್ದು. ಗೆರೆಯ ದಿನಾಂಕ ಒಂಬತ್ತು ವರ್ಷ ಹಿಂದಿನದು.

ಪಂಪ್ ನೋಡಿಕೊಳ್ಳುವವರನ್ನು ಕೇಳಿದೆ: ಅವತ್ತು ನದಿ ಏರಿ ದಾಟಿ ಬಂದಿತ್ತೇ? ಅವರು ನನ್ನನ್ನು ಕನಿಕರದಿಂದ ನೋಡಿದರು. ‘ನೀರು ಬರಲಿಲ್ಲ ಸ್ವಾಮಿ, ಹೋಗಲಿಲ್ಲ ಅಷ್ಟೆ’ ಎಂದರು.

ಇಡೀ ಪ್ರಕರಣ ಆ ಮಾತಿನಲ್ಲಿದೆ. ನಾವು ಎಂಟು ವಾರ ನದಿಯನ್ನು ನೋಡುತ್ತಿದ್ದೆವು. ಅಪಾಯವಿದ್ದದ್ದು ಬೆನ್ನ ಹಿಂದಿನ ಹಳ್ಳದಲ್ಲಿ. ಮೋರಿಯ ಎರಡು ಬಾಯಿಗಳೂ ಮುಳುಗಿದ ಮೇಲೆ ಅದರೊಳಗೆ ನೀರನ್ನು ನೂಕುವುದು ಎರಡು ಬದಿಯ ಮಟ್ಟಗಳ ವ್ಯತ್ಯಾಸ ಮಾತ್ರ. ಆ ವ್ಯತ್ಯಾಸ ಕಾಲುಭಾಗಕ್ಕೆ ಇಳಿದರೆ ಹರಿವು ಅರ್ಧಕ್ಕೆ ಇಳಿಯುತ್ತದೆ. ಆಚೆ ನದಿ ತುಂಬಿ ನಿಂತಾಗ ಈಚೆ ಹಳ್ಳಕ್ಕೆ ದಾರಿಯಿಲ್ಲ. ಗುಡ್ಡದ ಮಳೆ ಏರಿಯ ಹಿಂದೆ ಕೆರೆಯಾಗುತ್ತದೆ. ನದಿಯನ್ನು ತಡೆದು ಜಾಗವನ್ನು ಕಾಪಾಡುತ್ತದೆ ಎಂದು ಎರಡೂ ವರದಿಗಳು ಹೊಗಳಿದ್ದ ಏರಿಯೇ ಆ ಕೆರೆಯ ಕಟ್ಟೆ.

ಅದೇ ಮಧ್ಯಾಹ್ನ ಮೋರಿಗೆ ಇಳಿದೆವು. ಕಣ್ಣುಗಳ ಎತ್ತರ ಚಿತ್ರದಲ್ಲಿ 1.8 ಮೀಟರ್. ಅಳತೆಗೋಲು ಇಟ್ಟು ನೋಡಿದರೆ ಎಡಗಣ್ಣಿನಲ್ಲಿ ಹೂಳಿನ ಮೇಲೆ ಉಳಿದದ್ದು 70 ಸೆಂಟಿಮೀಟರ್. ಬಲಗಣ್ಣಿನ ಬಾಯಿಗೆ ಅಡ್ಡಲಾಗಿ ಯಾವುದೋ ಕಾಲದಲ್ಲಿ ಎಳೆದ ನೀರಿನ ಕೊಳವೆಯೊಂದು ಹಾದುಹೋಗಿತ್ತು. ಅದಕ್ಕೆ ಕೊಂಬೆ, ಪ್ಲಾಸ್ಟಿಕ್ಕು, ಒಂದು ಹಾಸಿಗೆಯ ಅರ್ಧಭಾಗ ಸಿಕ್ಕಿಕೊಂಡು ಜಾಲರಿಯಂತಾಗಿತ್ತು. ಯಾವ ಉಪಗ್ರಹವೂ ಇದನ್ನು ತೋರಿಸುವುದಿಲ್ಲ.

ಎರಡನೆಯ ಲೆಕ್ಕ

ಕರಡನ್ನು ಹಿಂದಕ್ಕೆ ಪಡೆಯುತ್ತೇವೆ, ಇನ್ನೂ ಹತ್ತು ವಾರ ಬೇಕು ಎಂದು ಪತ್ರ ಬರೆದೆ. ಹಿತವಾದ ಪತ್ರವಲ್ಲ ಅದು; ಉತ್ತರವೂ ಹಿತವಾಗಿರಲಿಲ್ಲ. ಅವಧಿ ಮಾತ್ರ ಸಿಕ್ಕಿತು.

ವಿಮಾನದಿಂದ ಲೇಸರ್ ಬಿಟ್ಟು ನೆಲ ಅಳೆಸಿದೆವು. ಗಿಡಮರಗಳನ್ನು ಸೋಸಿ ತೆಗೆದ ಮೇಲೆ ಉಳಿದ ದೋಷ ಒಂದೆರಡು ಗೇಣಿನೊಳಗೆ. ಗೋಡೆಯ ಮೂರು ಗೆರೆಗಳ ಮಟ್ಟವನ್ನು ಉಪಕರಣವಿಟ್ಟು ತೆಗೆದೆವು. ಹಳೆಯ ವಸತಿಯಲ್ಲಿ ಮನೆಮನೆಗೂ ಹೋಗಿ ಹೊಸ್ತಿಲಿನ ಎತ್ತರ ಅಳೆದೆವು. ಆಮೇಲೆ ಹಳ್ಳ, ಏರಿ, ಮೋರಿ ಮೂರನ್ನೂ ಸರಿಯಾಗಿ ಸೇರಿಸಿ ಮಾದರಿಯನ್ನು ಹೊಸದಾಗಿ ಕಟ್ಟಿದೆವು.

ಒಂಬತ್ತು ವರ್ಷದ ಹಿಂದಿನ ಆ ಮಳೆಯನ್ನೇ ಮೊದಲು ಓಡಿಸಿದೆವು. ಮೋರಿ ಪೂರ್ತಿ ತೆರೆದಿದೆ ಎಂದು ಭಾವಿಸಿದರೆ ನೀರು ನೀಲಿ ಗೆರೆಗಿಂತ 60 ಸೆಂಟಿಮೀಟರ್ ಕೆಳಗೇ ನಿಂತಿತು. ಅರ್ಧ ಮುಚ್ಚಿದೆ ಎಂದು ಭಾವಿಸಿದಾಗ ಗೆರೆಯನ್ನು ಮುಟ್ಟಿತು. ಅಂದರೆ ಆ ನೆರೆಯಲ್ಲಿ ಮಳೆಯ ಪಾಲೆಷ್ಟೋ ಹೂಳಿನ ಪಾಲೂ ಹೆಚ್ಚುಕಡಿಮೆ ಅಷ್ಟೇ. ಇದಾದ ಮೇಲೆ ಒಂದೇ ನೆರೆಯನ್ನು ಲೆಕ್ಕ ಹಾಕುವ ಅಭ್ಯಾಸ ಬಿಟ್ಟೆವು. ನದಿ ತಗ್ಗಿದ್ದಾಗ, ತುಂಬಿದ್ದಾಗ. ಮೋರಿ ತೆರೆದಿದ್ದಾಗ, ಅರ್ಧ ಮುಚ್ಚಿದಾಗ, ಬಹುಪಾಲು ಮುಚ್ಚಿದಾಗ. ಈಗಿನ ಮಳೆ, ಹೆಚ್ಚಿದ ಮಳೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವಾಂಶ ಶೇಕಡಾ 7ರಷ್ಟು ಏರುತ್ತದೆ. ಇಂದಿನ ಮಳೆಗೆ ಕಟ್ಟಿದ ಮನೆ ಅರವತ್ತು ವರ್ಷದಾಚೆಯ ಮಳೆಯನ್ನೂ ನೋಡಬೇಕು. ಎಲ್ಲವನ್ನೂ ಒಂದರ ಮೇಲೊಂದು ಇಟ್ಟಾಗ ಗೆರೆ ಹೋಗಿ ನೆರಳು ಬಂತು: ಕೆಲವು ಕಡೆ ದಟ್ಟ, ಕೆಲವು ಕಡೆ ತಿಳಿ. 22 ಹೆಕ್ಟೇರಿನಲ್ಲಿ ಸುಮಾರು 7 ಹೆಕ್ಟೇರು ದಟ್ಟ ನೆರಳಿನಲ್ಲಿತ್ತು.

ಇಂಗ್ಲೆಂಡಿನ ಯೋಜನಾ ವ್ಯವಸ್ಥೆಯಲ್ಲೂ ಇದೇ ಬಗೆಯ ಎಡವು ಇದೆ. ಅಲ್ಲಿನ ನೆರೆ ವಲಯಗಳು ನದಿಗೆ ವರ್ಷಕ್ಕೆ ಶೇಕಡಾ 1 ಮತ್ತು 0.1ರ, ಸಮುದ್ರಕ್ಕೆ ಶೇಕಡಾ 0.5 ಮತ್ತು 0.1ರ ಸಂಭವದ ಮೇಲೆ ನಿಂತಿವೆ, ಆದರೆ ಅವು ಹೇಳುವುದು ನದಿ ಮತ್ತು ಸಮುದ್ರದ ನೆರೆಯನ್ನು ಮಾತ್ರ. ನಿಂತಲ್ಲೇ ನಿಲ್ಲುವ ಮಳೆನೀರಿಗೆ ಬೇರೆ ನಕ್ಷೆ ನೋಡಬೇಕು. ಮೊದಲ ನಕ್ಷೆ ನೋಡಿ ನಿಟ್ಟುಸಿರು ಬಿಟ್ಟವರು ಎರಡನೆಯದನ್ನು ತೆರೆಯುವುದು ಕಡಿಮೆ.

ಮಣ್ಣು ತುಂಬುವ ಪ್ರಸ್ತಾಪ

ಅಭಿವೃದ್ಧಿದಾರರು ವಾದಕ್ಕೆ ನಿಲ್ಲಲಿಲ್ಲ, ಪರಿಹಾರ ತಂದರು: ತಗ್ಗಿನ 7 ಹೆಕ್ಟೇರಿಗೆ ಒಂದೂವರೆ ಮೀಟರ್ ಮಣ್ಣು ತುಂಬಿಸುತ್ತೇವೆ. ಅವರ ಜಾಗದ ಮಟ್ಟಿಗೆ ಪರಿಹಾರ ನೂರಕ್ಕೆ ನೂರು ಸರಿ. ಆದರೆ ಅಲ್ಲಿ ಸರಾಸರಿ ಒಂದು ಮೀಟರ್ ನಿಲ್ಲುತ್ತಿದ್ದರೂ 70,000 ಘನ ಮೀಟರ್ ನೀರು. ಅದು ಮಣ್ಣು ಕಂಡು ಆವಿಯಾಗುವುದಿಲ್ಲ. ಮಾದರಿಯಲ್ಲಿ ಮಣ್ಣು ತುಂಬಿ ನೋಡಿದಾಗ ಎಡದಂಡೆಯ ಹಳೆಯ ವಸತಿಯಲ್ಲಿ ಮಟ್ಟ 18 ಸೆಂಟಿಮೀಟರ್ ಏರಿತು.

ಸಭೆಯಲ್ಲಿ ಈ ಅಂಕಿ ಹೇಳಿದಾಗ ಒಬ್ಬರು ಬೆರಳುಗಳನ್ನು ಅಗಲಿಸಿ ತೋರಿಸಿ, ‘ಇಷ್ಟೇ ತಾನೆ?’ ಎಂದರು. ಹೊಸ್ತಿಲುಗಳ ಪಟ್ಟಿ ಆಗ ಕೆಲಸಕ್ಕೆ ಬಂತು. ಹನ್ನೊಂದು ಮನೆಗಳ ಹೊಸ್ತಿಲು ಹಳೆಯ ನೆರೆಯ ಮಟ್ಟಕ್ಕಿಂತ 15 ಸೆಂಟಿಮೀಟರಷ್ಟೇ ಮೇಲಿತ್ತು. ಒಂಬತ್ತು ವರ್ಷದ ಹಿಂದೆ ಅಂಗಳದಲ್ಲಿ ನಿಂತಿದ್ದ ನೀರು ಈ ಸಲ ಮಂಚದ ಕೆಳಗೆ ಇರುತ್ತದೆ. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಇಡೀ ಕೆಲಸದಲ್ಲಿ ಅತಿ ಅಗ್ಗದ ಅಳತೆ ಅದು, ಇಬ್ಬರು ಎರಡು ದಿನ ನಡೆದದ್ದು; ಅತಿ ಹೆಚ್ಚು ತೂಕವಿದ್ದದ್ದೂ ಅದಕ್ಕೇ.

ಮೋರಿಯನ್ನು ದೊಡ್ಡದು ಮಾಡೋಣ ಎಂಬ ಸಲಹೆ ಬಂತು. ಕೇಳಲು ಚೆನ್ನ. ನದಿ ತಗ್ಗಿರುವಾಗ ಹಳ್ಳ ಬೇಗ ಹೊರಹೋಗುತ್ತದೆ, ನಿಜ. ನದಿ ಹಳ್ಳಕ್ಕಿಂತ ಎತ್ತರದಲ್ಲಿದ್ದರೆ ಅದೇ ದೊಡ್ಡ ಬಾಯಿಯಿಂದ ನದಿಯೇ ಒಳಕ್ಕೆ ನುಗ್ಗುತ್ತದೆ. ಒಮ್ಮುಖದ ಬಾಗಿಲು ಹಾಕಿದರೆ ಅದರ ಸಂದಿಗೆ ಒಂದು ಕೊಂಬೆ ಸಿಕ್ಕಿದರೂ ಸಾಕು, ಮುಚ್ಚಬೇಕಾದಾಗ ಮುಚ್ಚುವುದಿಲ್ಲ, ತೆರೆಯಬೇಕಾದಾಗ ತೆರೆಯುವುದಿಲ್ಲ. ಜೊತೆಗೆ ಅಗಲವಾದ ಕಣ್ಣಿನಲ್ಲಿ ಬೇಸಿಗೆಯ ತೆಳು ನೀರು ನಿಧಾನವಾಗಿ ಹರಿದು ಹೂಳು ಇನ್ನೂ ಬೇಗ ಕೂರುತ್ತದೆ. ನಾನು ಈ ಸಲಹೆಯನ್ನು ವಿರೋಧಿಸಿದೆ. ತಂಡದಲ್ಲೇ ಒಬ್ಬರು ಇಂದಿಗೂ ನನ್ನದು ತಪ್ಪು ಎನ್ನುತ್ತಾರೆ.

ಅದೇ ಸಭೆಯಲ್ಲಿ ಇನ್ನೊಂದು ಮಾತು ಬಂತು: ‘ನೂರು ವರ್ಷದ ನೆರೆ ಎನ್ನುತ್ತೀರಿ. ಒಂಬತ್ತು ವರ್ಷದ ಹಿಂದೆ ಬಂದಿದೆ. ಇನ್ನು 91 ವರ್ಷ ಇದೆಯಲ್ಲ?’ ಕೇಳಿದವರು ದಡ್ಡರಲ್ಲ, ನಮ್ಮ ಪದವೇ ದಡ್ಡ ಪದ. ಯಾವುದೇ ಒಂದು ವರ್ಷದಲ್ಲಿ ನೂರಕ್ಕೊಂದು ಸಂಭವ ಎಂಬುದನ್ನು ‘ನೂರು ವರ್ಷಕ್ಕೊಮ್ಮೆ’ ಎಂದು ಹೇಳಿ ರೈಲಿನ ವೇಳಾಪಟ್ಟಿಯಂತೆ ಮಾಡಿಟ್ಟವರು ನಾವೇ. 30 ವರ್ಷದ ಗೃಹಸಾಲ ತೀರುವುದರೊಳಗೆ ಅಂಥ ನೆರೆ ಒಮ್ಮೆಯಾದರೂ ಬರುವ ಸಂಭವ ಶೇಕಡಾ 26. ನಾಲ್ಕು ಸಾಲಗಾರರಲ್ಲಿ ಒಬ್ಬರು ಅದನ್ನು ನೋಡಿಯೇ ಸಾಲ ತೀರಿಸುತ್ತಾರೆ ಎಂದೆ. ಅಂದಿನಿಂದ ವರದಿಗಳಲ್ಲಿ ‘ನೂರು ವರ್ಷ’ ಎಂದು ಬರೆಯುವುದನ್ನು ನಿಲ್ಲಿಸಿದ್ದೇನೆ. ಮಾತಿನಲ್ಲಿ ಇನ್ನೂ ಜಾರುತ್ತದೆ.

ತೀರ್ಮಾನ

ಅರ್ಜಿಯನ್ನು ತಿರಸ್ಕರಿಸಬಹುದು ಎಂದುಕೊಂಡಿದ್ದೆ. ಆಗಲಿಲ್ಲ, ಆಗದಿದ್ದುದೇ ಒಳ್ಳೆಯದಾಯಿತು. ಊರಿಗೆ ಮನೆಗಳು ನಿಜವಾಗಿ ಬೇಕಿದ್ದವು. ಯೋಜನಾ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು ನಮ್ಮ ನೆರಳಿನ ನಕ್ಷೆಯ ಮೇಲೆ ಬಡಾವಣೆಯ ನಕ್ಷೆಯನ್ನು ಇಟ್ಟು, ‘ಒಳಗೋ ಹೊರಗೋ ಬೇಡ, ಯಾವುದನ್ನು ಎಲ್ಲಿ ಇಡೋಣ ಹೇಳಿ’ ಎಂದರು. ಮೊದಲ ದಿನ ಕೇಳಬೇಕಿದ್ದ ಪ್ರಶ್ನೆ.

ಹಾಗೆ ನೋಡಿದಾಗ ವಿಚಿತ್ರವೊಂದು ಕಂಡಿತು. ಮೂಲ ನಕ್ಷೆಯಲ್ಲಿ ಶಾಲೆಯೂ ವೃದ್ಧರ ಆರೈಕೆ ಕೇಂದ್ರವೂ ಅತಿ ತಗ್ಗಿನ ಮೂಲೆಯಲ್ಲಿದ್ದವು, ಆಟದ ಮೈದಾನ ಅತಿ ಎತ್ತರದಲ್ಲಿತ್ತು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ತಗ್ಗಿನ ಜಾಗ ಶಾಂತವಾಗಿತ್ತು, ಎತ್ತರದಲ್ಲಿ ಗಾಳಿ ಚೆನ್ನಾಗಿತ್ತು. ತಲೆಕೆಳಗು ಮಾಡಿದೆವು. ಮೈದಾನ, ಉದ್ಯಾನ ತಗ್ಗಿಗೆ ಇಳಿದವು. ನಡೆಯಲಾಗದವರು ಮಲಗುವ ಕಟ್ಟಡ ಮೇಲಕ್ಕೇರಿತು. 7 ಹೆಕ್ಟೇರಿನಲ್ಲಿ ಮಣ್ಣು ತುಂಬುವಂತಿಲ್ಲ, ಗೋಡೆ ಕಟ್ಟುವಂತಿಲ್ಲ. ಮನೆಗಳ ನೆಲದ ಮಟ್ಟ, ಹೆಚ್ಚಿದ ಮಳೆಯಲ್ಲಿ ಅರ್ಧ ಮುಚ್ಚಿದ ಮೋರಿಯ ಲೆಕ್ಕಕ್ಕಿಂತ 60 ಸೆಂಟಿಮೀಟರ್ ಮೇಲೆ. ಮನೆಗಳ ಸಂಖ್ಯೆ 310ಕ್ಕೆ ಇಳಿಯಿತು. ಎತ್ತರದ ಭಾಗದಲ್ಲಿ ಮೂರನೆಯ ಮಹಡಿಗೆ ಒಪ್ಪಿಗೆ ಕೊಟ್ಟು 360ಕ್ಕೆ ಏರಿಸಿದರು.

ಮೋರಿಯ ಹೂಳು ತೆಗೆಯುವುದು ಯಾರು? ಈ ಪ್ರಶ್ನೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ತಿಂದಿತು. ರಸ್ತೆಯವರು ಹಳ್ಳ ನಮ್ಮದಲ್ಲ ಎಂದರು, ನೀರಿನವರು ಮೋರಿ ರಸ್ತೆಯದು ಎಂದರು. ಕೊನೆಗೆ ಬಡಾವಣೆಯ ನಿರ್ವಹಣಾ ಶುಲ್ಕದಲ್ಲೇ ಒಂದು ಪಾಲು ಅದಕ್ಕೆಂದು ಕಟ್ಟಿಟ್ಟು, ಮಳೆಗಾಲಕ್ಕೆ ಮುನ್ನ ಶುಚಿ ಮಾಡಿ ಅಳತೆಗೋಲಿನೊಡನೆ ಫೋಟೋ ಸಲ್ಲಿಸಬೇಕೆಂಬ ಷರತ್ತು ಬಂತು. ಕೊಳವೆಯನ್ನು ಮೇಲಕ್ಕೆ ಸರಿಸಿದರು.

ನೀರು ನೋಡಿದ ಪರೀಕ್ಷೆ

ಜನ ಬಂದು ನೆಲೆಸಿದ ನಾಲ್ಕನೆಯ ಮಳೆಗಾಲದಲ್ಲಿ ನದಿಯೂ ಹಳ್ಳವೂ ಒಟ್ಟಿಗೆ ಏರಿದವು. ಏರಿಯ ಹಿಂದೆ ಕೆರೆ ನಿಂತಿತು. ಮೈದಾನದ ಗೋಲು ಕಂಬಗಳು ಅಡ್ಡಪಟ್ಟಿಯವರೆಗೆ ಮುಳುಗಿದವು. ಹೊಸ ಮನೆಗಳಲ್ಲಿ ಒಂದಕ್ಕೂ ನೀರು ಹೋಗಲಿಲ್ಲ. ಹಳೆಯ ವಸತಿಯ ಹನ್ನೊಂದು ಮನೆಗಳಲ್ಲಿ ನೀರು ಹೊಸ್ತಿಲಿನ ಕೆಳಗೆ ನಿಂತಿತು. ಇದರ ಕೀರ್ತಿಯನ್ನು ನಾವೊಬ್ಬರೇ ತೆಗೆದುಕೊಳ್ಳುವಂತಿಲ್ಲ. ಆ ವರ್ಷ ಮೋರಿ ನಿಜಕ್ಕೂ ಶುಚಿಯಾಗಿತ್ತು. ಹಿಂದಿನ ವರ್ಷದ ಫೋಟೋ ಅದರ ಹಿಂದಿನ ವರ್ಷದ್ದೇ ಎಂದು ಗೊತ್ತಾಗಿ ಗಲಾಟೆಯಾದ ಫಲ.

ಆದರೆ ಬಡಾವಣೆಗೆ ಒಂದೇ ದಾರಿ, ಆ ದಾರಿ ತಗ್ಗಿನ ಅಂಚಿನಲ್ಲಿ ಹಾದುಹೋಗುತ್ತದೆ. ಅದರ ಮೇಲೆ 70 ಸೆಂಟಿಮೀಟರ್ ನೀರು, ನಿಂತದ್ದಲ್ಲ, ಹರಿಯುವ ನೀರು, 11 ಗಂಟೆ ಇತ್ತು. 30 ಸೆಂಟಿಮೀಟರ್ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, 60 ಇದ್ದರೆ ಬಹುತೇಕ ವಾಹನಗಳು ಕೊಚ್ಚಿಹೋಗುತ್ತವೆ. ಇದು ನನಗೆ ಬಾಯಿಪಾಠವಾಗಿರುವ ಅಂಕಿ, ತರಬೇತಿಗಳಲ್ಲಿ ಹೇಳುತ್ತೇನೆ. ಡಯಾಲಿಸಿಸ್‌ಗೆ ಹೋಗಬೇಕಿದ್ದ ಒಬ್ಬರನ್ನು ಅಗ್ನಿಶಾಮಕ ದಳದವರು ದೋಣಿಯಲ್ಲಿ ದಾಟಿಸಿದರು. 360 ಮನೆಗಳು ಒಣಗಿ ನಿಂತ ದ್ವೀಪವಾಗಿದ್ದವು.

ನಮ್ಮ 140 ಪುಟದ ವರದಿಯಲ್ಲಿ ಪ್ರವೇಶ ರಸ್ತೆಯ ಬಗ್ಗೆ ಒಂದು ವಾಕ್ಯವಿದೆ: ‘ರಸ್ತೆಯ ಮಟ್ಟವನ್ನು ವಿವರ ವಿನ್ಯಾಸದ ಹಂತದಲ್ಲಿ ನಿರ್ಧರಿಸಬಹುದು.’ ಆ ವಾಕ್ಯ ನನ್ನದು. ಬರೆದದ್ದು ಸಂಜೆ, ಬೆಳಿಗ್ಗೆ ವರದಿ ಸಲ್ಲಿಸಬೇಕಿತ್ತು. ಮನೆಯೊಳಗೆ ನೀರು ಬರುತ್ತದೆಯೇ ಎಂದು ನೂರು ಬಗೆಯಲ್ಲಿ ಕೇಳಿಕೊಂಡ ನಾವು, ಮನೆಯಿಂದ ಜನ ಹೇಗೆ ಹೊರಬರುತ್ತಾರೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಮಾದರಿಯಲ್ಲಿ ಉತ್ತರ ಆಗಲೇ ಇತ್ತು. ರಸ್ತೆಯ ಮೇಲೆ ಬೆರಳಿಟ್ಟು ಆಳ ಓದಿದ್ದರೆ ಸಾಕಿತ್ತು. ಈಗ ಎತ್ತರದ ಕಡೆಯಿಂದ ರೈಲು ಹಳಿಯ ಪಕ್ಕಕ್ಕೆ ಒಂದು ತುರ್ತು ದಾರಿ ಮಾಡಿದ್ದಾರೆ. ಆಂಬುಲೆನ್ಸ್ ಹೋಗುವಷ್ಟು ಅಗಲವಿದೆ.

ನೆರೆ ಇಳಿದ ಮೇಲೆ ಮಟ್ಟ ಅಳೆಯಲು ಹೋದಾಗ ಪಂಪ್‌ಹೌಸಿನ ಗೋಡೆಯ ಮೇಲೆ ನಾಲ್ಕನೆಯ ಗೆರೆ ಬಿದ್ದಾಗಿತ್ತು. ಈ ಸಲ ಹಸಿರು ಬಣ್ಣ. ಹಳಬರು ನಿವೃತ್ತರಾಗಿದ್ದರು, ಎಳೆದವರು ಯಾರೆಂದು ತಿಳಿಯಲಿಲ್ಲ. ಶುಚಿಯಾದ ಮೋರಿಯ ಲೆಕ್ಕದಲ್ಲಿ ನಮ್ಮ ಮಾದರಿ ಹೇಳಿದ್ದಕ್ಕಿಂತ ಅದು 8 ಸೆಂಟಿಮೀಟರ್ ಕೆಳಗಿತ್ತು. ಆ ಕಟ್ಟಡ ಮುಂದಿನ ವರ್ಷದ ಕಾಮಗಾರಿಯಲ್ಲಿ ಕೆಡವುವ ಪಟ್ಟಿಯಲ್ಲಿದೆ. ನಾಲ್ಕೂ ಗೆರೆಗಳನ್ನು ಮೋರಿಯ ಪಕ್ಕದ ಕಲ್ಲುಗೋಡೆಗೆ ವರ್ಗಾಯಿಸಿ ಎಂದು ಪತ್ರ ಬರೆದಿದ್ದೇನೆ. ಗೋಡೆ ರಸ್ತೆಯವರದೋ ನೀರಿನವರದೋ ತಿಳಿಸಿ ಎಂದು ಉತ್ತರ ಬಂದಿದೆ.